ಪರದೆ ಮೇಲಿನ ತೊಗರಿ ಬೇಳೆಯಲ್ಲಿ ಹಳದಿ ಬೆಳಕು ಎಲ್ಲಿದೆ?

ಗಂಜ್_ಬೇಳೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಜಿನಲ್ಲಿ, ಅಂದರೆ ಕಾಳು ಬೇಳೆಯ ಪೇಟೆಯಲ್ಲಿ, ತೊಗರಿ ಬೇಳೆ ವ್ಯಾಪಾರ. ಈಗ ಮಾತುಕತೆ ಎಲ್ಲ ಫೋನಿನಲ್ಲೇ ನಡೆಯುತ್ತದೆ. ಬೇಳೆಯ ಫೋಟೋ ಕಳಿಸಿದರೆ ಹೈದರಾಬಾದ್, ಸೊಲ್ಲಾಪುರದ ಪಾರ್ಟಿಗಳು ಬಣ್ಣ ನೋಡಿ ರೇಟು ಮಾತಾಡುತ್ತಾರೆ. ಬೇಳೆಗೆ ಬಣ್ಣ ಎಷ್ಟು ಮುಖ್ಯ ಅಂತ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊನ್ನೆ ಬೇಳೆಯ ಫೋಟೋ ತೆರೆದಿದ್ದಾಗ ಪರದೆ ಮೇಲೆ ಸಣ್ಣ ನೀರಿನ ಹನಿ ಬಿತ್ತು. ಹನಿಯೊಳಗೆ ನೋಡಿದರೆ ಬರೀ ಕೆಂಪು ಚುಕ್ಕೆ, ಹಸಿರು ಚುಕ್ಕೆ. ನಡುವೆ ಮಂಕು ನೀಲಿ. ಹಳದಿ ಒಂದೂ ಇಲ್ಲ! ಹನಿ ಒರೆಸಿದ ಮೇಲೆ ಮತ್ತೆ ಚೆಂದದ ಹಳದಿ ಬೇಳೆ.

ನನ್ನ ಪ್ರಶ್ನೆ ಮೂರು. ಆ ಹಳದಿ ಎಲ್ಲಿಂದ ಬಂತು? ಮಗಳ ಡ್ರಾಯಿಂಗ್ ಪುಸ್ತಕದಲ್ಲಿ ಮೂಲ ಬಣ್ಣ ಕೆಂಪು, ಹಳದಿ, ನೀಲಿ ಅಂತಿದೆ, ಫೋನಿನಲ್ಲಿ ಕೆಂಪು, ಹಸಿರು, ನೀಲಿ ಇದೆ. ಯಾವುದು ಸರಿ? ಇನ್ನೊಂದು, ಪಾರ್ಟಿಯವರು ಮಾಲು ಬಂದ ಮೇಲೆ ಫೋಟೋದಲ್ಲಿದ್ದ ಬಣ್ಣ ಇದಲ್ಲ ಅಂತ ತಕರಾರು ತೆಗೆಯುತ್ತಾರೆ. ಇದಕ್ಕೆ ಏನಾದರೂ ದಾರಿ ಇದೆಯಾ?

ವಿಜ್ಞಾನ_ಮಾಸ್ತರ್, ಯಾದಗಿರಿ

ತುಂಬಾ ಒಳ್ಳೆ ಪ್ರಶ್ನೆ. ಮೊದಲನೆಯದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಆ ಪರದೆಯಲ್ಲಿ ಹಳದಿ ದೀಪ ಇಲ್ಲವೇ ಇಲ್ಲ. ಹಳದಿ ತಯಾರಾಗುವುದು ನಿಮ್ಮ ಕಣ್ಣು ಮತ್ತು ಮಿದುಳಿನಲ್ಲಿ. ಕಣ್ಣಿನ ಹಿಂಭಾಗದಲ್ಲಿ ಬಣ್ಣ ಗುರುತಿಸುವ ಕೋನ್ ಎಂಬ ಜೀವಕೋಶಗಳಿವೆ, ಒಂದು ಕಣ್ಣಿಗೆ ಸುಮಾರು 60 ಲಕ್ಷ. ಅವುಗಳಲ್ಲಿ ಮೂರೇ ಬಗೆ. ಒಂದು ಬಗೆ ಸುಮಾರು 560 ನ್ಯಾನೋಮೀಟರ್ ತರಂಗಾಂತರದ (ಅಂದರೆ ಬೆಳಕಿನ ಅಲೆಯ ಉದ್ದ; ನ್ಯಾನೋಮೀಟರ್ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ, ಇನ್ನೊಂದು 530ರ ಹತ್ತಿರ, ಮತ್ತೊಂದು 420ರ ಹತ್ತಿರ. ಮೊದಲಿನ ಎರಡೂ ಸ್ಪಂದಿಸುವ ವ್ಯಾಪ್ತಿ ಬಹಳಷ್ಟು ಒಂದರ ಮೇಲೊಂದು ಬಂದಿದೆ. 580 ನ್ಯಾನೋಮೀಟರ್‌ನ ನಿಜವಾದ ಹಳದಿ ಬೆಳಕು ಬಿದ್ದರೆ ಆ ಎರಡೂ ಜೋರಾಗಿ ಸ್ಪಂದಿಸುತ್ತವೆ, ಮೂರನೆಯದು ಸುಮ್ನೆ ಇರುತ್ತದೆ. ಈಗ ಹಳದಿಯನ್ನು ಬಿಟ್ಟು ಕೆಂಪು ಬೆಳಕು, ಹಸಿರು ಬೆಳಕು ಎರಡನ್ನೂ ಸರಿಯಾದ ಅಳತೆಯಲ್ಲಿ ಒಟ್ಟಿಗೆ ಕಣ್ಣಿಗೆ ಬಿಡಿ. ಆ ಎರಡು ಕೋನ್‌ಗಳು ಹಿಂದಿನಷ್ಟೇ ಸ್ಪಂದಿಸುತ್ತವೆ. ಮಿದುಳಿಗೆ ಹೋಗುವ ಸುದ್ದಿ ಒಂದೇ, ಆದ್ದರಿಂದ ಕಾಣುವ ಬಣ್ಣವೂ ಒಂದೇ.

ನಿಮ್ಮ ಗಂಜಿನ ತೂಕದ ಮಷೀನ್ 50 ಕಿಲೋ ತೋರಿಸಿದರೆ ಮೇಲಿರುವುದು ಒಂದೇ ಚೀಲವೋ ಎರಡು ಚೀಲವೋ ಅಂತ ಅದು ಹೇಳುವುದಿಲ್ಲ, ಅಲ್ವಾ? ಕೋನ್ ಕೂಡ ಹಾಗೇ. ಎಷ್ಟು ಬೆಳಕು ಹೀರಿದೆ ಅಂತ ಹೇಳುತ್ತದೆ, ಅದು ಯಾವ ತರಂಗಾಂತರದ್ದು ಅಂತ ಹೇಳುವುದಿಲ್ಲ.

ನನಗೆ ಅತಿ ಮುಖ್ಯ ಅನ್ನಿಸುವ ಮಾತು ಇದು: ಕೆಂಪು, ಹಸಿರು, ನೀಲಿ ಇವು ಬೆಳಕಿನ ಮೂಲ ಬಣ್ಣ ಆಗಿರುವುದು ಬೆಳಕಿನ ಗುಣದಿಂದ ಅಲ್ಲ, ಮನುಷ್ಯನ ಕಣ್ಣಿನ ಗುಣದಿಂದ. ಬೆಳಕಿಗೆ ಮೂಲ ಬಣ್ಣ ಅಂತ ಯಾವುದೂ ಇಲ್ಲ. ಕಾಮನಬಿಲ್ಲಿನಲ್ಲಿ ಒಂದು ತರಂಗಾಂತರ ಇನ್ನೊಂದಕ್ಕಿಂತ ಮೇಲೂ ಅಲ್ಲ, ಕೀಳೂ ಅಲ್ಲ. ದನ, ನಾಯಿಗಳಿಗೆ ಎರಡೇ ಬಗೆಯ ಕೋನ್. ಹೆಚ್ಚಿನ ಹಕ್ಕಿಗಳಿಗೆ ನಾಲ್ಕು, ಅದರಲ್ಲಿ ಒಂದು ನಮಗೆ ಕಾಣದ ನೇರಳಾತೀತದ ಕಡೆಗೆ. ನಮ್ಮ ಟಿವಿಯ ಬಣ್ಣ ಗುಬ್ಬಿಗೆ ಸರಿ ಅನ್ನಿಸಲಿಕ್ಕಿಲ್ಲ. ಆ ಟಿವಿಯನ್ನು ಮಾಡಿದ್ದು ನಮ್ಮ ಕಣ್ಣಿನ ಲೆಕ್ಕಕ್ಕೆ.

ಬೆಳಕು ಹಿಡಿಯಲು ಕಣ್ಣಿಗೆ ಮೂರು ಬಗೆಯ ಅಂಶ ಸಾಕು ಎಂಬ ಯೋಚನೆಯನ್ನು ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ 1802ರಲ್ಲೇ ಮುಂದಿಟ್ಟಿದ್ದ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಬಣ್ಣದ ಕಾಗದದ ತಟ್ಟೆಗಳನ್ನು ಬುಗುರಿಯ ಮೇಲಿಟ್ಟು ತಿರುಗಿಸಿ, ಯಾವ ಬಣ್ಣ ಎಷ್ಟು ಸೇರಿದರೆ ಯಾವುದಕ್ಕೆ ಸಮ ಎಂದು ಅಳೆದ. 1861ರಲ್ಲಿ ಲಂಡನ್ನಿನಲ್ಲಿ ಅದನ್ನು ಪರದೆ ಮೇಲೆ ತೋರಿಸಿಯೂ ಬಿಟ್ಟ. ಒಂದು ಬಣ್ಣದ ರಿಬ್ಬನ್ನನ್ನು ಮೂರು ಬಣ್ಣದ ಫಿಲ್ಟರ್ ಇಟ್ಟು ಮೂರು ಸಲ ಕಪ್ಪು ಬಿಳುಪು ಫೋಟೋ ತೆಗೆಸಿ, ಆಯಾ ಫಿಲ್ಟರಿನ ಮೂಲಕ ಒಂದರ ಮೇಲೊಂದು ಬೆಳಕು ಬಿಟ್ಟಾಗ ರಿಬ್ಬನ್ ಬಣ್ಣದಲ್ಲಿ ಮೂಡಿತು. ಇವತ್ತಿನ ಪ್ರತಿ ಫೋನೂ ಮಾಡುವ ಕೆಲಸ ಅದೇ.

ಮನೆಯಲ್ಲೇ ನೋಡಬೇಕಾ? ಹಳೇ ಸಿಡಿ ಒಂದು ಹುಡುಕಿ. ರಾತ್ರಿ ದೀಪ ಆರಿಸಿ. ಫೋನಿನಲ್ಲಿ ಅಚ್ಚ ಹಳದಿ ಚಿತ್ರ ತೆರೆದು, ಅದರ ಮೇಲೆ ಕಪ್ಪು ಕಾಗದ ಮುಚ್ಚಿ, ಸಣ್ಣ ಸೀಳಿನಷ್ಟು ಮಾತ್ರ ಬೆಳಕು ಬಿಡಿ. ಸಿಡಿಯನ್ನು ಓರೆ ಹಿಡಿದು ಆ ಸೀಳಿನ ಪ್ರತಿಬಿಂಬ ನೋಡಿ. ಒಂದು ಹಸಿರು ಪಟ್ಟಿ, ಒಂದು ಕೆಂಪು ಪಟ್ಟಿ ಬೇರೆ ಬೇರೆ ಕಾಣುತ್ತದೆ. ಆಮೇಲೆ ಗ್ಯಾಸಿನ ನೀಲಿ ಉರಿಗೆ ಚಿಟಿಕೆ ಉಪ್ಪು ಉದುರಿಸಿ, ಭಗ್ಗನೆ ಬರುವ ಹಳದಿ ಉರಿಯನ್ನು ಅದೇ ಸಿಡಿಯಲ್ಲಿ ನೋಡಿ. ಅದು ಸೋಡಿಯಂನದು, 589 ನ್ಯಾನೋಮೀಟರ್. ಅದರ ಹಳದಿ ಎರಡಾಗಿ ಒಡೆಯುವುದಿಲ್ಲ. ಬರಿಗಣ್ಣಿಗೆ ಎರಡೂ ಹಳದಿಯೇ.

ಉರಿಯ ಹತ್ತಿರ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.

ಗಂಜ್_ಬೇಳೆ

ಮಾಸ್ತರ್ರೇ, ಸಿಡಿ ಸಿಕ್ಕಿತು. ಹಸಿರು ಪಟ್ಟಿ, ಕೆಂಪು ಪಟ್ಟಿ ಎರಡೂ ಕಂಡವು. ಮಗಳು ಇನ್ನೂ ಬಿಟ್ಟಿಲ್ಲ, ಮನೆಯ ಎಲ್ಲಾ ಬಲ್ಬಿನ ಮುಂದೆ ಸಿಡಿ ಹಿಡಿದು ತಿರುಗುತ್ತಿದ್ದಾಳೆ. ಹಾಗಾದರೆ ಕೈಯಲ್ಲಿರುವ ಬೇಳೆಯ ಹಳದಿ ಯಾವ ಹಳದಿ? ಅದು ನಿಜವಾದದ್ದಾ?

ವಿಜ್ಞಾನ_ಮಾಸ್ತರ್, ಯಾದಗಿರಿ

ಅದು ಇನ್ನೂ ಬೇರೆ ಥರ. ಬೇಳೆ ತಾನಾಗಿ ಬೆಳಕು ಬಿಡುವುದಿಲ್ಲ. ಅದರ ಮೇಲೆ ಬಿದ್ದ ಬಿಸಿಲಿನಲ್ಲಿ ನೀಲಿ ಭಾಗವನ್ನು ಹೆಚ್ಚಾಗಿ ನುಂಗಿ, ಹಸಿರು, ಹಳದಿ, ಕಿತ್ತಳೆ, ಕೆಂಪು ಎಲ್ಲವನ್ನೂ ವಾಪಸ್ ಬಿಡುತ್ತದೆ. ಅಂದರೆ ಉಪ್ಪಿನ ಉರಿ ಒಂದು ಥರದ ಹಳದಿ, ಬೇಳೆ ಇನ್ನೊಂದು ಥರ, ಫೋನು ಮತ್ತೊಂದು ಥರ. ಮೂರೂ ಕಣ್ಣಿಗೆ ಹತ್ತಿರ ಹತ್ತಿರ. ನಿಮ್ಮ ಪಾರ್ಟಿಯವರ ತಕರಾರಿನ ಬೇರೂ ಇಲ್ಲೇ ಇದೆ. ಬೇಳೆಯ ಬಣ್ಣ ಅದರ ಮೇಲೆ ಯಾವ ಬೆಳಕು ಬಿದ್ದಿದೆ ಎಂಬುದರ ಮೇಲೂ ನಿಂತಿದೆ. ಗೋದಾಮಿನ ಟ್ಯೂಬ್‌ಲೈಟಿನಲ್ಲಿ ಒಂದು, ಅಂಗಳದ ಬಿಸಿಲಲ್ಲಿ ಒಂದು.

ಫ್ಲೆಕ್ಸ್_ಡಿಸೈನರ್, ಕಲಬುರಗಿ

ಮೂಲ ಬಣ್ಣದ ಜಗಳಕ್ಕೆ ನಾನು ಉತ್ತರ ಕೊಡುತ್ತೇನೆ. ಇಡೀ ದಿನ ಅದೇ ಜಗಳದಲ್ಲಿ ಬದುಕುವವನು ನಾನು.

ಪರದೆ ಕಪ್ಪಿನಿಂದ ಶುರು ಮಾಡುತ್ತದೆ, ಬೆಳಕು ಸೇರಿಸುತ್ತಾ ಹೋಗುತ್ತದೆ. ಮೂರೂ ಪೂರ್ತಿ ಸೇರಿದರೆ ಬಿಳಿ. ಪ್ರಿಂಟು ಬಿಳಿ ಶೀಟಿನಿಂದ ಶುರು ಮಾಡುತ್ತದೆ, ಶಾಯಿ ಬಿದ್ದಷ್ಟೂ ಬೆಳಕು ಕಳೆಯುತ್ತಾ ಹೋಗುತ್ತದೆ. ಅದಕ್ಕೇ ನಮ್ಮ ಶಾಯಿಗಳು ಬೇರೆ: ಸಯಾನ್ (ಹಸಿರು ಬೆರೆತ ತಿಳಿ ನೀಲಿ), ಮೆಜೆಂಟಾ (ನೇರಳೆ ಕಡೆಯ ಗಾಢ ಗುಲಾಬಿ), ಹಳದಿ. ಸಯಾನ್ ಶಾಯಿ ಕೆಂಪು ಬೆಳಕನ್ನು ನುಂಗುತ್ತದೆ, ಮೆಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಗಮನಿಸಿ, ಇಲ್ಲೂ ಲೆಕ್ಕ ಕೆಂಪು, ಹಸಿರು, ನೀಲಿ ಬೆಳಕಿನದ್ದೇ. ಅದನ್ನು ಕೊಡುವ ಬದಲು ತಡೆಯುತ್ತೇವೆ, ಅಷ್ಟೇ. ಮೂರೂ ಶಾಯಿ ಸೇರಿದರೂ ಕೊಳಕು ಕಂದು ಬರುತ್ತದೆ, ಅಚ್ಚ ಕಪ್ಪು ಬರುವುದಿಲ್ಲ. ಆದ್ದರಿಂದ ಕಪ್ಪು ಶಾಯಿ ಬೇರೆ ಇಡುತ್ತಾರೆ. ಈ ನಾಲ್ಕು ಶಾಯಿಯ ಗುಂಪಿಗೇ ಸಿಎಂವೈಕೆ ಅನ್ನುವುದು.

ಡ್ರಾಯಿಂಗ್ ಪುಸ್ತಕದ ಕೆಂಪು, ಹಳದಿ, ನೀಲಿ ಈ ಶಾಯಿ ಗುಂಪಿನ ಹಳೇ, ಒರಟು ರೂಪ. ಮೆಜೆಂಟಾ ಜಾಗದಲ್ಲಿ ಕೆಂಪು, ಸಯಾನ್ ಜಾಗದಲ್ಲಿ ನೀಲಿ. ಅದರಿಂದಲೂ ಸುಮಾರು ಬಣ್ಣ ಆಗುತ್ತವೆ, ಆದರೆ ಚೊಕ್ಕ ನೇರಳೆ, ಚೊಕ್ಕ ಹಸಿರು ಬರುವುದು ಕಷ್ಟ. ಮಗಳಿಗೆ ಬಣ್ಣದ ಡಬ್ಬಿಯಲ್ಲಿ ಗುಲಾಬಿ ಹತ್ತಿರದ ಮೆಜೆಂಟಾ ಮತ್ತು ಆಕಾಶ ನೀಲಿ ತೆಗೆದುಕೊಂಡು ಬೆರೆಸಲಿಕ್ಕೆ ಹೇಳಿ, ವ್ಯತ್ಯಾಸ ಅವಳಿಗೇ ಕಾಣುತ್ತದೆ.

ಈಗ ನಮ್ಮ ಕಷ್ಟ. ಗಿರಾಕಿಗಳು ಫೋನಿನಲ್ಲಿ ಡಿಸೈನ್ ನೋಡಿ ಓಕೆ ಅನ್ನುತ್ತಾರೆ. ಹುಟ್ಟುಹಬ್ಬದ ಬ್ಯಾನರ್, ಜಾತ್ರೆ ಬ್ಯಾನರ್, ಎಲ್ಲದರಲ್ಲೂ ಮಿಂಚುವ ಗಿಳಿ ಹಸಿರು ಬೇಕು, ಕಣ್ಣು ಕುಕ್ಕುವ ನೀಲಿ ಬೇಕು. ಪರದೆಯ 0, 255, 0 ಹಸಿರು (ಕೆಂಪು 0, ಹಸಿರು ಪೂರ್ತಿ 255, ನೀಲಿ 0) ಈ ನಾಲ್ಕು ಶಾಯಿಯಿಂದ ಬರುವುದಿಲ್ಲ. 0, 0, 255 ನೀಲಿ ಪ್ರಿಂಟಿನಲ್ಲಿ ನೇರಳೆ ಕಡೆಗೆ ವಾಲುತ್ತದೆ. ಹಳದಿಗೆ ಮಾತ್ರ ಈ ತೊಂದರೆ ಕಡಿಮೆ, ಯಾಕೆಂದರೆ ಹಳದಿ ಶಾಯಿಯೇ ಇದೆ. ಬೇಳೆಯವರು ಪುಣ್ಯವಂತರು! ಮಷೀನು ಕೆಟ್ಟಿದೆ, ಶಾಯಿ ಕಡಿಮೆ ಹಾಕಿದ್ದಾರೆ ಅಂತ ಅಂಗಡಿಯವರ ಮೇಲೆ ಸಿಟ್ಟಾಗುವ ಮೊದಲು ಒಂದು ಚಿಕ್ಕ ತುಂಡು ಪ್ರಿಂಟ್ ಹೊಡೆಸಿ ನೋಡಿ ಅಂತ ನನ್ನ ಕೋರಿಕೆ.

ಸೀರೆ_ಅಕ್ಕ, ಕಲಬುರಗಿ

ರಾಣಿ ಕಲರ್ ಬಗ್ಗೆ ಯಾರಾದರೂ ಹೇಳಿ. ಲೈವ್‌ನಲ್ಲಿ ಸೀರೆ ತೋರಿಸುತ್ತೇನೆ. ರಾಣಿ ಕಲರ್ ಒಂದು ಫೋನಿನಲ್ಲಿ ಕೆಂಪು ಕಡೆಗೆ, ಇನ್ನೊಂದರಲ್ಲಿ ನೇರಳೆ ಕಡೆಗೆ ಕಾಣುತ್ತದೆ. ನವಿಲು ಬಣ್ಣದ್ದಂತೂ ಯಾವ ಫೋನಿನಲ್ಲೂ ಸೀರೆಯ ಹಾಗೆ ಕಾಣುವುದಿಲ್ಲ.

ವಿಜ್ಞಾನ_ಮಾಸ್ತರ್, ಯಾದಗಿರಿ

ಅಕ್ಕಾರೆ, ರಾಣಿ ಕಲರ್, ಅಂದರೆ ಮೆಜೆಂಟಾ, ಕಾಮನಬಿಲ್ಲಿನಲ್ಲೇ ಇಲ್ಲ. ಹಳದಿಯನ್ನು ಒಂದೇ ತರಂಗಾಂತರದಿಂದಲೂ ಮಾಡಬಹುದು, ಎರಡು ಬೆರೆಸಿಯೂ ಮಾಡಬಹುದು. ಮೆಜೆಂಟಾಕ್ಕೆ ಆ ಮೊದಲ ದಾರಿ ಇಲ್ಲ. ಕಾಮನಬಿಲ್ಲಿನ ಒಂದು ತುದಿಯ ಕೆಂಪು, ಇನ್ನೊಂದು ತುದಿಯ ನೀಲಿ ನೇರಳೆ, ಎರಡೂ ಕಣ್ಣಿಗೆ ಒಟ್ಟಿಗೆ ಬಿದ್ದು ನಡುವಿನ ಹಸಿರು ಬೀಳದೆ ಇದ್ದಾಗ ಮಾತ್ರ ಆ ಬಣ್ಣ. ಆದ್ದರಿಂದ ಕೆಂಪು, ನೀಲಿಗಳ ಪ್ರಮಾಣದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆದರೂ ಬಣ್ಣ ಆ ಕಡೆ ಈ ಕಡೆ ಜಾರುತ್ತದೆ.

ನವಿಲು ಬಣ್ಣದ ಕಾರಣ ಬೇರೆ. ಮೂರು ದೀಪ ಇಟ್ಟುಕೊಂಡು ಕಣ್ಣಿಗೆ ಕಾಣುವ ಎಲ್ಲಾ ಬಣ್ಣ ಮಾಡಲಾಗುವುದಿಲ್ಲ. 1931ರಲ್ಲಿ ಸಿಐಇ ಎಂಬ ಅಂತರರಾಷ್ಟ್ರೀಯ ಮಂಡಳಿ ಮನುಷ್ಯರ ಕಣ್ಣಿಗೆ ಕಾಣುವ ಬಣ್ಣಗಳ ನಕ್ಷೆ ಒಪ್ಪಿಕೊಂಡಿತು, ಕುದುರೆ ಲಾಳದ ಆಕಾರದ್ದು. ಪರದೆಯ ಕೆಂಪು, ಹಸಿರು, ನೀಲಿಯನ್ನು ಅದರ ಮೇಲೆ ಮೂರು ಚುಕ್ಕೆ ಇಟ್ಟು ಗೆರೆ ಎಳೆದರೆ ಒಂದು ತ್ರಿಕೋನ. ಆ ತ್ರಿಕೋನದ ಒಳಗಿರುವುದು ಮಾತ್ರ ಆ ಪರದೆಗೆ ಸಾಧ್ಯ. ಹಸಿರು ಮತ್ತು ನೀಲಿಯ ನಡುವೆ, ಅಂದರೆ ನಿಮ್ಮ ನವಿಲು ಬಣ್ಣದ ಕಡೆ, ತ್ರಿಕೋನದ ಆಚೆ ಉಳಿಯುವ ಜಾಗ ಬಹಳ ದೊಡ್ಡದು.

ಇನ್ನು ಎರಡು ಬಣ್ಣದ ನೂಲಿನ ಸೀರೆ ಇದ್ದರೆ, ಉದ್ದದ ಹಾಸು ನೂಲಿಗೆ ಒಂದು, ಅಡ್ಡದ ಹೊಕ್ಕು ನೂಲಿಗೆ ಒಂದು, ಅಲ್ಲಿ ಬಟ್ಟೆಯೇ ಪರದೆ ಮಾಡುವ ಕೆಲಸ ಮಾಡುತ್ತಿದೆ. ನೂಲುಗಳು ಬೇರೆ ಬೇರೆ ಕಾಣದಷ್ಟು ಸಣ್ಣ, ಕಣ್ಣು ಎರಡನ್ನೂ ಕೂಡಿಸಿ ಒಂದು ಬಣ್ಣ ನೋಡುತ್ತದೆ. ಮಡಿಕೆ ತಿರುಗಿದಾಗ ಹಾಸು ಜಾಸ್ತಿಯೋ ಹೊಕ್ಕು ಜಾಸ್ತಿಯೋ ಕಂಡು ಬಣ್ಣ ಬದಲಾಗುತ್ತದೆ. ಫೋಟೋದಲ್ಲಿ ಒಂದೇ ಕೋನ ಸಿಗುವುದರಿಂದ ಆ ಆಟ ಹೋಗಿಬಿಡುತ್ತದೆ. ಅಂಥ ಸೀರೆಗೆ ಫೋಟೋ ಬೇಡ, ವಿಡಿಯೋ ಮಾಡಿ.

ಬೀದರ್_ಕ್ಯಾಮೆರಾ

ಕೋನದ ಮಾತು ಬಂತಲ್ಲ, ನಮ್ಮೂರಿನದು ಹೇಳದೆ ಇರಲಾಗುವುದಿಲ್ಲ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿ ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂಡಿಸಿದ್ದಾರೆ. ಚಿಪ್ಪಿನಲ್ಲಿ ಬಣ್ಣದ ಪುಡಿ ಏನೂ ಇಲ್ಲ. ತೆಳು ತೆಳು ಪದರಗಳಿಂದ ವಾಪಸ್ ಬಂದ ಬೆಳಕು ಒಂದಕ್ಕೊಂದು ಸೇರಿ, ಕೆಲವು ತರಂಗಾಂತರ ಹೆಚ್ಚಾಗಿ, ಕೆಲವು ಅಳಿಸಿಹೋಗಿ ಬಣ್ಣ ಏಳುತ್ತದೆ. ತಲೆ ಸ್ವಲ್ಪ ಅಲ್ಲಾಡಿಸಿದರೆ ಗುಲಾಬಿ ಇದ್ದದ್ದು ಹಸಿರು. ಎಷ್ಟು ಒಳ್ಳೆ ಕ್ಯಾಮೆರಾ ಇದ್ದರೂ ಒಂದು ಕ್ಲಿಕ್ಕಿನಲ್ಲಿ ಅದು ಬರುವುದಿಲ್ಲ. ಮಹಮೂದ್ ಗಾವಾನ್ ಮದರಸಾದ ಗೋಡೆ ಮೇಲೆ ಉಳಿದಿರುವ ಹಳೇ ಬಣ್ಣದ ಹೆಂಚುಗಳದ್ದು ಬೇರೆ ಕತೆ. ಆ ನೀಲಿ ಹಸಿರು ಛಾಯೆಯನ್ನು ಫೋನಿನಲ್ಲಿ ನೋಡಿ ತೃಪ್ತಿಪಡಬೇಡಿ, ಎದುರು ನಿಂತು ನೋಡಿ. ಮಾಸ್ತರ್ ಹೇಳಿದ ತ್ರಿಕೋನದ ಅಂಚಿನ ಕಡೆಯ ಬಣ್ಣ ಅದು.

ಈಗ ಕ್ಯಾಮೆರಾ ಕಡೆಯ ವಿಷಯ. ಎಲ್ಲರೂ ಪರದೆ ಬಗ್ಗೆಯೇ ಹೇಳಿದಿರಿ, ಫೋಟೋ ಹುಟ್ಟುವ ಕಡೆಯೂ ಇದೇ ಮೂರು ಬಣ್ಣ. ಕ್ಯಾಮೆರಾದ ಸೆನ್ಸರಿಗೆ ತಾನಾಗಿ ಬಣ್ಣ ತಿಳಿಯುವುದಿಲ್ಲ, ಬೆಳಕು ಎಷ್ಟು ಅಂತ ಮಾತ್ರ ತಿಳಿಯುತ್ತದೆ. ಅದಕ್ಕೆ ಪ್ರತಿ ಚುಕ್ಕೆಯ ಮೇಲೆ ಒಂದೊಂದು ಬಣ್ಣದ ಫಿಲ್ಟರ್ ಕೂಡಿಸಿರುತ್ತಾರೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿದೆ. ನಾಲ್ಕು ಚುಕ್ಕೆಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರು ಯಾಕೆ ಎರಡು ಅಂದರೆ, ಹೊಳಪಿನ ವಿಷಯದಲ್ಲಿ ನಮ್ಮ ಕಣ್ಣು ಹೆಚ್ಚು ನಂಬುವುದು ಹಸಿರನ್ನು. ಪ್ರತಿ ಚುಕ್ಕೆಯಲ್ಲೂ ಒಂದು ಬಣ್ಣ ಮಾತ್ರ ಅಳೆದದ್ದು, ಉಳಿದ ಎರಡನ್ನು ಅಕ್ಕಪಕ್ಕದ ಚುಕ್ಕೆ ನೋಡಿ ಲೆಕ್ಕ ಹಾಕಿ ತುಂಬುತ್ತಾರೆ. ಅಂದರೆ ನಿಮ್ಮ ಫೋಟೋದಲ್ಲಿರುವ ಬಣ್ಣದ ಅಂಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಅಂದಾಜು.

ಬಿದ್ರಿ ಸಾಮಾನಿನ ಫೋಟೋ ತೆಗೆಯುವವರಿಗೆ ಒಂದು ಮಾತು. ಸತು, ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಮಾಡಿದ ಆ ಹೂಜಿ ಫೋಟೋದಲ್ಲಿ ಬೂದು ಆಗಿ ಬರುತ್ತದೆ. ಫೋನು ಕೆಟ್ಟದ್ದಲ್ಲ. ಕ್ಯಾಮೆರಾ ಯಾವ ದೃಶ್ಯ ಸಿಕ್ಕರೂ ಸರಾಸರಿ ಹೊಳಪನ್ನು ಮಧ್ಯಕ್ಕೆ ತರಲು ನೋಡುತ್ತದೆ. ಫ್ರೇಮಿನ ತುಂಬಾ ಕಪ್ಪು ಇದ್ದರೆ ಅದನ್ನೇ ಎಳೆದು ಬೂದು ಮಾಡುತ್ತದೆ. ಪರದೆ ಮುಟ್ಟಿ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ, ಕಪ್ಪು ಕಪ್ಪಾಗುತ್ತದೆ, ಬೆಳ್ಳಿಯ ಗೆರೆ ಆಗಲೇ ಎದ್ದು ಕಾಣುವುದು. ಓಎಲ್‌ಇಡಿ ಫೋನಿನಲ್ಲಿ ಪ್ರತಿ ಚುಕ್ಕೆಗೂ ಅದರದ್ದೇ ದೀಪ, ಕಪ್ಪು ಎಂದರೆ ಆ ಚುಕ್ಕೆಯ ದೀಪವೇ ಆರಿರುತ್ತದೆ. ಎಲ್‌ಸಿಡಿಯಲ್ಲಿ ಹಿಂದಿನ ಬಿಳಿ ದೀಪ ಉರಿಯುತ್ತಲೇ ಇರುತ್ತದೆ, ಚುಕ್ಕೆಯ ಮುಂದಿನ ಬಾಗಿಲು ಮುಚ್ಚಿದರೂ ಬೆಳಕು ಸ್ವಲ್ಪ ಸೋರುತ್ತದೆ. ಬಿದ್ರಿಯ ಕಪ್ಪಿಗೆ ಓಎಲ್‌ಇಡಿಯೇ ನ್ಯಾಯ ಕೊಡುವುದು.

ಇಸಿ_ಡಿಪ್ಲೊಮಾ, ಬೀದರ್

ಕ್ಯಾಮೆರಾದವರು ಎಲ್‌ಸಿಡಿ ಪ್ರಸ್ತಾಪ ಮಾಡಿದ್ದು ಒಳ್ಳೆಯದಾಯಿತು. ಸಿಡಿ ಪ್ರಯೋಗ ಮಾಡುವವರು ಸಾಧ್ಯವಾದರೆ ಓಎಲ್‌ಇಡಿ ಫೋನಿನಲ್ಲಿ ಮಾಡಿ. ಕಡಿಮೆ ಬೆಲೆಯ ಎಲ್‌ಸಿಡಿಯಲ್ಲಿ ಹಿಂದಿನ ದೀಪ ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಫಾಸ್ಫರ್ (ನೀಲಿ ಬೆಳಕು ಬಿದ್ದರೆ ಹಳದಿಯಾಗಿ ಹೊಳೆಯುವ ಪುಡಿ) ಲೇಪ. ಆ ಬೆಳಕಿನಲ್ಲಿ ಹಳದಿ ತರಂಗಾಂತರಗಳೂ ಇವೆ. ಕೆಂಪು, ಹಸಿರು ಫಿಲ್ಟರುಗಳು ಬಹಳಷ್ಟನ್ನು ತಡೆದರೂ ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಎರಡು ಪಟ್ಟಿಗಳ ನಡುವೆ ಮಂಕಾದ ಹಳದಿ ಕಂಡರೆ ಗಾಬರಿ ಬೇಡ. ಅದು ಸೋರಿದ್ದು, ಅದಿಲ್ಲದಿದ್ದರೂ ಕಣ್ಣಿಗೆ ಹಳದಿಯೇ ಕಾಣುತ್ತಿತ್ತು.

ಈ ನೀಲಿ ಎಲ್‌ಇಡಿ ಬಗ್ಗೆ ಒಂದು ಮಾತು ಹೇಳಲೇಬೇಕು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂತು. ಹಸಿರೂ ಆಯಿತು. ಪ್ರಖರ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಮೂರರಲ್ಲಿ ಒಂದು ಇಲ್ಲದಿದ್ದರೆ ಎಲ್‌ಇಡಿಯಿಂದ ಬಿಳಿಯೂ ಇಲ್ಲ, ಪೂರ್ತಿ ಬಣ್ಣದ ಪರದೆಯೂ ಇಲ್ಲ. ಗ್ಯಾಲಿಯಂ ನೈಟ್ರೈಡ್ ಹರಳನ್ನು ಪಳಗಿಸಿದ ಅಕಾಸಾಕಿ, ಅಮಾನೊ, ನಕಾಮುರ ಮೂವರಿಗೂ 2014ರ ಭೌತಶಾಸ್ತ್ರ ನೊಬೆಲ್ ಬಂದಿದ್ದು ಇದಕ್ಕೇ. ಬೇಡಿಕೆ ಇದ್ದರೂ ವಸ್ತು ಒಲಿಯಲು 30 ವರ್ಷ. ನನಗೆ ಈ ವಿಷಯ ಯಾವಾಗ ಓದಿದರೂ ಮೈ ಜುಮ್ಮೆನ್ನುತ್ತದೆ.

ಇನ್ನು ಅಂಕಿಗಳು. ಒಂದೊಂದು ಬಣ್ಣಕ್ಕೆ 0ಯಿಂದ 255ರವರೆಗೆ 256 ಹಂತ. ಮೂರೂ ಸೇರಿ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಬಣ್ಣ. ಆದರೆ 128 ಅಂದರೆ ಅರ್ಧ ಬೆಳಕು ಅಂತ ತಿಳಿಯಬೇಡಿ. ಅದು ಪೂರ್ತಿ ಬೆಳಕಿನ ನೂರಕ್ಕೆ ಸುಮಾರು 22 ಮಾತ್ರ. ಕಣ್ಣು ಕತ್ತಲೆಯ ಕಡೆಯ ಸಣ್ಣ ವ್ಯತ್ಯಾಸವನ್ನು ಚೆನ್ನಾಗಿ ಹಿಡಿಯುತ್ತದೆ, ಆದ್ದರಿಂದ ಹಂತಗಳನ್ನು ಆ ಕಡೆಗೆ ಹೆಚ್ಚು ಹಂಚಿದ್ದಾರೆ. ಅರ್ಧ ಬೆಳಕು ಬೇಕಾದರೆ ಅಂಕಿ 188.

ಇದನ್ನು ಕಣ್ಣಾರೆ ನೋಡಬಹುದು. ಒಂದು ಚಿತ್ರದಲ್ಲಿ ಒಂದು ಪಿಕ್ಸೆಲ್ (ಚಿತ್ರದ ಒಂದು ಚುಕ್ಕೆ) ಕೆಂಪು, ಪಕ್ಕದ್ದು ಹಸಿರು, ಹೀಗೆ ಚದುರಂಗದ ಮನೆ ಥರ ತುಂಬಿಸಿ. ಪಕ್ಕದಲ್ಲಿ ಎರಡು ಚೌಕ ಇಡಿ: ಒಂದು 128, 128, 0. ಇನ್ನೊಂದು 188, 188, 0. ಕಂಪ್ಯೂಟರಿನಲ್ಲಿ ಝೂಮ್ ಮಾಡದೆ, ದೂರ ನಿಂತು ನೋಡಿ. ಮನೆ ಮನೆಯ ಚೌಕ 188ರದ್ದಕ್ಕೆ ಹೊಂದುತ್ತದೆ, 128 ಕೊಳಕು ಸಾಸಿವೆ ಬಣ್ಣದಂತೆ ಕೆಳಗೆ ಉಳಿಯುತ್ತದೆ. ಕೆಂಪಿನಿಂದ ಹಸಿರಿಗೆ ಮೆಲ್ಲಗೆ ಬದಲಾಗುವ ಗ್ರೇಡಿಯಂಟ್ ಹಾಕಿದಾಗ ನಡುವೆ ಮಣ್ಣು ಬಣ್ಣ ಬರುವ ಕಾರಣ ಇದೇ. ಸಾಫ್ಟ್‌ವೇರ್ ಅಂಕಿಗಳನ್ನು ಕೂಡಿಸಿ ಭಾಗಿಸಿದೆ, ಬೆಳಕನ್ನು ಕೂಡಿಸಿಲ್ಲ. ಫ್ಲೆಕ್ಸ್ ಅಣ್ಣನವರಿಗೆ ಇದು ದಿನಾ ಎದುರಾಗುವ ತೊಂದರೆ ಅನ್ನಿಸುತ್ತದೆ.

ಫ್ಲೆಕ್ಸ್_ಡಿಸೈನರ್, ಕಲಬುರಗಿ

ದಿನಾ! ನಡುವೆ ಒಂದು ಹಳದಿ ಚುಕ್ಕೆ ಕೈಯಾರೆ ಸೇರಿಸಿ ಸರಿ ಮಾಡುತ್ತಿದ್ದೆವು. ಕಾರಣ ಈಗ ತಿಳಿಯಿತು.

ನಿವೃತ್ತ_ಟಿವಿ_ಮೆಕ್ಯಾನಿಕ್, ಯಾದಗಿರಿ

ಹಳೇ ಕಾಲದ ಒಂದು ವಿಷಯ ಸೇರಿಸುತ್ತೇನೆ, ಇವತ್ತಿನ ಫೋಟೋಗಳಿಗೂ ಸಂಬಂಧ ಇದೆ.

ನಮ್ಮ ಭಾಗದ ಹಳ್ಳಿಗಳಿಗೆ ಟಿವಿ ಬಂದಿದ್ದು 1975ರಲ್ಲಿ, ಸೈಟ್ ಉಪಗ್ರಹ ಯೋಜನೆಯಲ್ಲಿ. ದೇಶದ ಸುಮಾರು 2400 ಹಳ್ಳಿಗಳಲ್ಲಿ ಆಗಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕಪ್ಪು ಬಿಳುಪು ಸೆಟ್ಟು. ದೂರದರ್ಶನಕ್ಕೆ ಬಣ್ಣ ಬಂದಿದ್ದು 1982ರಲ್ಲಿ, ಏಷ್ಯನ್ ಗೇಮ್ಸ್ ವರ್ಷ. ಆದರೆ ಹಳೇ ಸೆಟ್ಟುಗಳನ್ನು ಯಾರೂ ಎಸೆಯಬೇಕಾಗಲಿಲ್ಲ. ಯಾಕೆ ಗೊತ್ತಾ? ಕೆಂಪು, ಹಸಿರು, ನೀಲಿ ಮೂರನ್ನೂ ಹಾಗೇ ಕಳಿಸುತ್ತಿರಲಿಲ್ಲ. ಮೊದಲು ಹೊಳಪಿನ ಸಿಗ್ನಲ್ ಮಾಡುತ್ತಿದ್ದರು: ಕೆಂಪಿನ ನೂರಕ್ಕೆ 30, ಹಸಿರಿನ 59, ನೀಲಿಯ 11. ಹಳೇ ಸೆಟ್ಟು ಅದನ್ನೇ ತೆಗೆದುಕೊಂಡು ಕಪ್ಪು ಬಿಳುಪು ಚಿತ್ರ ತೋರಿಸುತ್ತಿತ್ತು. ಬಣ್ಣದ ವ್ಯತ್ಯಾಸವನ್ನು ಬೇರೆಯಾಗಿ, ಕಡಿಮೆ ವಿವರದಲ್ಲಿ ಕಳಿಸುತ್ತಿದ್ದರು. ಹೊಳಪಿನ ಗೆರೆ ಚೂಪಾಗಿದ್ದರೆ ಸಾಕು, ಬಣ್ಣ ಸ್ವಲ್ಪ ಚೆಲ್ಲಿದರೂ ಕಣ್ಣು ಕ್ಷಮಿಸುತ್ತದೆ.

ಇವತ್ತಿನ ಜೆಪೆಗ್ ಫೋಟೋ, ವಿಡಿಯೋ ಎಲ್ಲದರಲ್ಲೂ ಅದೇ ಉಪಾಯ ಉಳಿದಿದೆ. ಬಹಳ ಸಲ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣದ ಮಾಹಿತಿ ಇಡುತ್ತಾರೆ. ಫಾರ್ವರ್ಡ್ ಆಗಿ ಬಂದ ಆಮಂತ್ರಣ ಪತ್ರಿಕೆಯಲ್ಲಿ ಕೆಂಪು ಅಕ್ಷರದ ಅಂಚು ಮಸುಕಾಗಿ ಕಾಣುವುದನ್ನು ನೋಡಿದ್ದೀರಲ್ಲ, ಅದು ಇದರದ್ದೇ ಪರಿಣಾಮ. ಕಪ್ಪು ಅಕ್ಷರಕ್ಕೆ ಅಷ್ಟು ಆಗುವುದಿಲ್ಲ.

ಆಗಿನ ಕಲರ್ ಟಿವಿಯ ಟ್ಯೂಬಿನೊಳಗೆ ಎಲೆಕ್ಟ್ರಾನ್ ಹೊಡೆಯುವ ಮೂರು ಗನ್ ಇರುತ್ತಿದ್ದವು, ಕೆಂಪು, ಹಸಿರು, ನೀಲಿ ಹೊಳೆಯುವ ಮೂರು ಫಾಸ್ಫರಿಗೆ. ಮಕ್ಕಳು ಸ್ಪೀಕರಿನ ಅಯಸ್ಕಾಂತ ತಂದು ಪರದೆಗೆ ಹಿಡಿದರೆ ಎಲೆಕ್ಟ್ರಾನ್‌ಗಳು ದಾರಿ ತಪ್ಪಿ ಕೆಂಪಿನ ಪಾಲು ಹಸಿರಿಗೆ ಬಿದ್ದು ಮೂಲೆಯಲ್ಲಿ ನೇರಳೆ, ಹಸಿರು ಕಲೆ. ಸರಿ ಮಾಡಲಿಕ್ಕೆ ಅಯಸ್ಕಾಂತದ ಪ್ರಭಾವ ತೆಗೆಯುವ ಡಿಗಾಸಿಂಗ್ ಕಾಯಿಲ್ ಹಿಡಿದುಕೊಂಡು ಮನೆ ಮನೆಗೆ ಹೋಗುತ್ತಿದ್ದೆ.

ಮಿಲ್_ಟೆಕ್ನಿಶಿಯನ್, ಕಲಬುರಗಿ

ಬೇಳೆಯವರಿಗೆ ಹತ್ತಿರದ ವಿಷಯ ಯಾರೂ ಹೇಳಲಿಲ್ಲ: ಬಣ್ಣ ನೋಡಿ ಕಾಳು ಆರಿಸುವ ಸಾರ್ಟೆಕ್ಸ್ ಮಷೀನು. ಬೇಳೆ ಮೇಲಿಂದ ತೆಳು ಪರದೆಯಂತೆ ಉದುರುತ್ತದೆ, ಎರಡೂ ಕಡೆ ಕ್ಯಾಮೆರಾ ಇರುತ್ತವೆ. ಕಪ್ಪು ಕಲೆ, ಸಿಪ್ಪೆ ಉಳಿದದ್ದು, ಬಣ್ಣ ಕೆಟ್ಟದ್ದು ಕಂಡ ಕೂಡಲೇ ಗಾಳಿಯ ನಳಿಕೆ ಟಿಕ್ ಅಂತ ಊದಿ ಆ ಕಾಳನ್ನು ಪಕ್ಕಕ್ಕೆ ತಳ್ಳುತ್ತದೆ. ಇಲ್ಲೂ ನಿರ್ಧಾರ ಆಗುವುದು ಕೆಂಪು, ಹಸಿರು, ನೀಲಿ ಅಂಕಿಗಳ ಮೇಲೆ.

ಆದರೆ ಮಾಸ್ತರ್ ಹೇಳಿದ್ದು ಇಲ್ಲಿ ಕಾಡುತ್ತದೆ. ಬೇಳೆಯ ಬಣ್ಣದ್ದೇ ಸಣ್ಣ ಕಲ್ಲು ಬಂದರೆ ಮೂರೂ ಅಂಕಿ ಒಂದೇ. ಮನುಷ್ಯನ ಕಣ್ಣಿಗೆ ಕಾಣದ್ದು ಆ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಅದಕ್ಕೇ ಕೆಲವು ಮಷೀನುಗಳಲ್ಲಿ ಇನ್‌ಫ್ರಾರೆಡ್ (ನಮಗೆ ಕಾಣದ, ಕೆಂಪಿನಾಚೆಯ ಬೆಳಕಿನ) ಕ್ಯಾಮೆರಾ ಸೇರಿಸುತ್ತಾರೆ. ಅಲ್ಲಿ ಕಲ್ಲು ಬೇರೆ, ಬೇಳೆ ಬೇರೆ ಕಾಣುತ್ತವೆ. ಹಾಗೆಯೇ, ಮೆಟಾನಿಲ್ ಯೆಲ್ಲೋ ಎಂಬ ನಿಷೇಧಿತ ಬಣ್ಣ ಹಚ್ಚಿದ ಬೇಳೆ ಮತ್ತು ಒಳ್ಳೆ ಬೇಳೆ ಫೋಟೋದಲ್ಲಿ ಒಂದೇ ಅಂಕಿ ಕೊಡಬಹುದು. ಫೋಟೋ ನೋಡಿ ಬೇಳೆ ಶುದ್ಧ ಅಂತ ಯಾರೂ ತೀರ್ಮಾನ ಮಾಡಬಾರದು. ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಬೀದರ್_ಕ್ಯಾಮೆರಾ

ಹೌದು. ಗಂಜಿನವರ ಮೂರನೇ ಪ್ರಶ್ನೆಗೆ ನನ್ನ ಸಲಹೆ. ಬೇಳೆಯನ್ನು ಬಿಳಿ ಕಾಗದದ ಮೇಲೆ ಹರಡಿ, ನೇರ ಬಿಸಿಲು ಬೇಡ, ಬೆಳಗಿನ ಹೊತ್ತು ಬಾಗಿಲ ಹತ್ತಿರದ ನೆರಳಿನಲ್ಲಿ ತೆಗೆಯಿರಿ. ಕಾಗದ ಫೋಟೋದಲ್ಲಿ ಕಾಣುತ್ತಿರಲಿ. ಅದು ಬಿಳಿಯಾಗಿ ಕಂಡರೆ ಬೇಳೆಯ ಹಳದಿಯನ್ನೂ ನಂಬಬಹುದು, ಅದೇ ನೀಲಿಗೋ ಹಳದಿಗೋ ತಿರುಗಿದ್ದರೆ ಬೇಳೆಯೂ ತಿರುಗಿದೆ. ಟ್ಯೂಬ್‌ಲೈಟು ಮತ್ತು ಬಿಸಿಲು ಒಟ್ಟಿಗೆ ಬೀಳದ ಹಾಗೆ ನೋಡಿ, ಬೆರಕೆ ಬೆಳಕನ್ನು ಯಾವ ಕ್ಯಾಮೆರಾವೂ ಸರಿ ಮಾಡುವುದಿಲ್ಲ. ಫಿಲ್ಟರ್, ಬ್ಯೂಟಿ ಎಲ್ಲ ಆಫ್ ಇರಲಿ.

ನೋಡುವ ಕಡೆಯೂ ಸರಿ ಇರಬೇಕು. ಪಾರ್ಟಿಯವರ ಫೋನಿನಲ್ಲಿ ಕಣ್ಣಿಗೆ ತಂಪು ಕೊಡುವ ಮೋಡ್ ಆನ್ ಇದ್ದರೆ ನೀಲಿ ದೀಪ ಇಳಿದಿರುತ್ತದೆ, ಎಲ್ಲಾ ಬೇಳೆಯೂ ಜಾಸ್ತಿ ಹಳದಿಯೇ. ವಿವಿಡ್ ಅನ್ನುವ ಮೋಡ್ ಇದ್ದರೂ ಅದೇ ಗತಿ, ಅದನ್ನು ನ್ಯಾಚುರಲ್ ಮಾಡಲು ಹೇಳಿ. ಆದರೂ ಕೊನೆಯ ಮಾತು ಕೈಯಲ್ಲಿ ಹಿಡಿದ ಸ್ಯಾಂಪಲ್‌ನದ್ದೇ ಆಗಿರಲಿ.

ಗಂಜ್_ಬೇಳೆ

ಎಲ್ಲರಿಗೂ ಬಹಳ ಧನ್ಯವಾದ. ಬಿಳಿ ಕಾಗದದ ಉಪಾಯ ಇವತ್ತೇ ಮಾಡಿದೆ, ಎರಡು ಫೋಟೋಗಳ ನಡುವಿನ ವ್ಯತ್ಯಾಸ ನೋಡಿ ನನಗೇ ಆಶ್ಚರ್ಯ ಆಯಿತು.

ಕೊನೆಗೆ ಒಂದೇ ಪ್ರಶ್ನೆ. ಅಂಗಡಿ ಮುಂದೆ ಎಲ್‌ಇಡಿ ಬೋರ್ಡು ಹಾಕಿಸಬೇಕು ಅಂತಿದ್ದೇವೆ. ಪಿ10 ಅಂತಾರೆ, ಪಿ5 ಅಂತಾರೆ, ಬೆಲೆ ಬಹಳ ವ್ಯತ್ಯಾಸ. ಬೇಳೆಯ ಚಿತ್ರ ಚೆನ್ನಾಗಿ ಕಾಣಬೇಕು.

ಇಸಿ_ಡಿಪ್ಲೊಮಾ, ಬೀದರ್

ಆ ಅಂಕಿ ಒಂದು ಪಿಕ್ಸೆಲ್‌ನಿಂದ ಇನ್ನೊಂದಕ್ಕೆ ಎಷ್ಟು ಮಿಲಿಮೀಟರ್ ಅನ್ನುವುದು. ಪಿ10 ಅಂದರೆ 10 ಮಿಲಿಮೀಟರ್. ಒಳ್ಳೆ ಕಣ್ಣು 3.4 ಮೀಟರ್ ದೂರದಿಂದ 1 ಮಿಲಿಮೀಟರ್ ಅಂತರವನ್ನು ಬೇರೆಯಾಗಿ ನೋಡಬಲ್ಲದು, ಅದಕ್ಕಿಂತ ದೂರ ಹೋದರೆ ಎರಡು ಸೇರಿ ಒಂದಾಗುತ್ತವೆ. ಹಾಗಾಗಿ ಪಿ10 ಬೋರ್ಡಿನ ಪಿಕ್ಸೆಲ್‌ಗಳು ಪೂರ್ತಿ ಕೂಡಿಕೊಳ್ಳಲು ಸುಮಾರು 34 ಮೀಟರ್ ಬೇಕು, ಪಿ5ಗೆ 17. ರಸ್ತೆ ಆಚೆಯಿಂದ ಗಾಡಿಯವರು ನೋಡಿದರೆ ಸಾಕು, ರೇಟು ಬರೆದರೆ ಸಾಕು ಅಂದರೆ ಪಿ10 ತೆಗೆದುಕೊಳ್ಳಿ. ಗಿರಾಕಿ ಅಂಗಡಿ ಎದುರೇ ನಿಂತು ಬೇಳೆಯ ಚಿತ್ರ ನೋಡಬೇಕು ಅಂದರೆ ಪಿ5 ಅಥವಾ ಇನ್ನೂ ಚಿಕ್ಕದು.

ಇನ್ನೊಂದು, ಅಕ್ಷರ ಕಪ್ಪು ಹಿನ್ನೆಲೆಯಲ್ಲಿ ನೀಲಿ ಮಾಡಿಸಬೇಡಿ. ಇವತ್ತಿನ ಪರದೆಯ ಬಿಳಿಯ ಹೊಳಪಿನಲ್ಲಿ (ಹಳೇ ಟಿವಿ ಸಿಗ್ನಲಿನ ಲೆಕ್ಕ ಬೇರೆ) ನೀಲಿಯ ಪಾಲು ನೂರಕ್ಕೆ 7 ಮಾತ್ರ, ಹಸಿರಿನದು 72, ಕೆಂಪಿನದು 21. ನೀಲಿ ಅಕ್ಷರ ಮಧ್ಯಾಹ್ನದ ನಮ್ಮ ಬಿಸಿಲಿನಲ್ಲಿ ಓದಲು ಆಗುವುದಿಲ್ಲ. ಕೆಂಪು, ಹಸಿರು ಎರಡೂ ಪೂರ್ತಿ ಉರಿಸಿ ಹಳದಿ ಅಕ್ಷರ ಮಾಡಿಸಿ. ಬಿಳಿಯ ಹೊಳಪಿನ ನೂರಕ್ಕೆ 93 ಅದರಲ್ಲೇ ಸಿಗುತ್ತದೆ, ನೀಲಿ ಬಲ್ಬುಗಳ ಕರೆಂಟೂ ಉಳಿಯುತ್ತದೆ.